ಹಳೆಯ ಧ್ವನಿಸುರುಳಿ, ಹೊಸ ತಾಳ

2013ರ ಫೆಬ್ರವರಿಯಲ್ಲಿ ಜರ್ಮನಿಯ ಇಯರ್‌ಮ್ಯೂಸಿಕ್ ಸಂಸ್ಥೆಯಿಂದ ‘ಟ್ಯೂಬ್ಯುಲರ್ ಬೀಟ್ಸ್’ ಎಂಬ ಧ್ವನಿಮುದ್ರಿಕೆಯೊಂದು ಹೊರಬಂದಿತು. ಇಂಗ್ಲೆಂಡಿನ ಸಂಗೀತಗಾರ ಮೈಕ್ ಓಲ್ಡ್‌ಫೀಲ್ಡ್ ಅವರು ನಾಲ್ಕು ದಶಕಗಳಲ್ಲಿ ರಚಿಸಿದ ಪ್ರಸಿದ್ಧ ಕೃತಿಗಳನ್ನು ಬಿಚ್ಚಿ, ವಿದ್ಯುನ್ಮಾನ ತಾಳದ ಮೇಲೆ ಮತ್ತೆ ಜೋಡಿಸಿದ ಸಂಗ್ರಹವದು. ‘ಯಾರ್ಕ್’ ಎಂಬ ಹೆಸರಿನಲ್ಲಿ ನೃತ್ಯಸಂಗೀತವನ್ನು ರಚಿಸುವ ಜರ್ಮನಿಯ ಟಾರ್ಸ್ಟನ್ ಸ್ಟೆಂಜೆಲ್ ಈ ಕೆಲಸದಲ್ಲಿ ಅವರ ಜೊತೆಗಾರ. ಹಳೆಯ ಅಭಿಮಾನಿಗಳಲ್ಲಿ ಹಲವರಿಗೆ ಇದು ರುಚಿಸದಿರುವುದು ಸಹಜವೇ. ಇಪ್ಪತ್ತೈದು ನಿಮಿಷ ಕಣ್ಣುಮುಚ್ಚಿ ಕೇಳಬೇಕಾದುದನ್ನು ಐದಾರು ನಿಮಿಷಕ್ಕೆ ಇಳಿಸಿ ಕುಣಿಯುವುದಕ್ಕೆ ಒಪ್ಪಿಸಿದರೆ ಯಾರಿಗಾದರೂ ಒಂದು ಬಗೆಯ ಕಸಿವಿಸಿ ಆಗಿಯೇ ಆಗುತ್ತದೆ.

ಕಾಸರಗೋಡಿನ ಓದುಗರಿಗೆ ಇಂಗ್ಲೆಂಡಿನ ರಾಕ್ ಸಂಗೀತದ ಗೊಡವೆ ಏಕೆಂದು ಕೇಳುವವರು ಇದ್ದಾರು. ನಮ್ಮ ಶಾಲೆಗಳ ವಾರ್ಷಿಕೋತ್ಸವದಲ್ಲಿ ಮಕ್ಕಳು ಕುಣಿಯುವ ಹಾಡುಗಳಲ್ಲಿ ಅರ್ಧದಷ್ಟು ಇಂದು ರೀಮಿಕ್ಸ್‌ಗಳೇ. ‘ಹಳೆಯ ಹಾಡನ್ನು ಕೆಡಿಸಿದರು’ ಎಂದು ಅಜ್ಜಂದಿರು ಗೊಣಗುವುದೂ, ‘ಇದೇ ಚೆಂದ’ ಎಂದು ಮೊಮ್ಮಕ್ಕಳು ವಾದಿಸುವುದೂ ಮನೆಮನೆಯ ಮಾತು. ಈ ಜಗಳದಲ್ಲಿ ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆಯೊಂದಿದೆ: ಹಾಡನ್ನು ಬದಲಿಸುವ ಹಕ್ಕು ಯಾರದು? ಓಲ್ಡ್‌ಫೀಲ್ಡ್ ಅವರ ಮೊದಲ ಕೃತಿಯ ಐವತ್ತು ವರ್ಷಗಳ ಕಥೆ ಈ ಪ್ರಶ್ನೆಗೆ ಸಿಗುವ ಅತ್ಯುತ್ತಮ ಪಾಠಗಳಲ್ಲೊಂದು ಎಂಬುದು ವಕೀಲ ವೃತ್ತಿಯಲ್ಲಿರುವ ನನ್ನ ಅಭಿಪ್ರಾಯ.

1953ರ ಮೇ 15ರಂದು ರೆಡಿಂಗ್ ಪಟ್ಟಣದಲ್ಲಿ ಹುಟ್ಟಿದ ಓಲ್ಡ್‌ಫೀಲ್ಡ್ ಹದಿಹರೆಯದಲ್ಲೇ ಕೆವಿನ್ ಏಯರ್ಸ್ ಎಂಬ ಗಾಯಕನ ತಂಡದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದರು. ಅದು ಇಂಗ್ಲೆಂಡಿನಲ್ಲಿ ‘ಪ್ರೋಗ್ರೆಸಿವ್ ರಾಕ್’ ಎಂಬ ಪಂಥ ಬೆಳೆಯುತ್ತಿದ್ದ ಕಾಲ. ಮೂರು ನಿಮಿಷದ ಪ್ರೇಮಗೀತೆಗಳ ಚೌಕಟ್ಟನ್ನು ಒಡೆದು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಂತೆ ದೀರ್ಘವಾದ, ಹಲವು ಅಂಗಗಳುಳ್ಳ ರಚನೆಗಳನ್ನು ಕಿಂಗ್ ಕ್ರಿಮ್ಸನ್, ಯೆಸ್, ಜೆನೆಸಿಸ್ ಮೊದಲಾದ ತಂಡಗಳು ಕಟ್ಟತೊಡಗಿದ್ದವು. ಆದರೆ ಅವೆಲ್ಲ ನಾಲ್ಕೈದು ಜನರ ತಂಡಗಳು. ಓಲ್ಡ್‌ಫೀಲ್ಡ್ ತಲೆಯಲ್ಲಿದ್ದುದು ಒಬ್ಬನೇ ಕುಳಿತು ಇಡೀ ವಾದ್ಯವೃಂದವಾಗುವ ಹಂಚಿಕೆ.

ಲಂಡನಿನ ಟಾಟನ್‌ಹ್ಯಾಮ್ ಭಾಗದ ಬಾಡಿಗೆ ಮನೆಯಲ್ಲಿ ಅವರ ಕೈಯಲ್ಲಿದ್ದುದು ಏಯರ್ಸ್ ಅವರಿಂದ ಎರವಲು ಪಡೆದ ಒಂದು ಟೇಪ್ ರೆಕಾರ್ಡರ್. ಇಂತಹ ಯಂತ್ರದಲ್ಲಿ ಹೊಸತನ್ನು ಮುದ್ರಿಸುವ ಮೊದಲು ಹಳೆಯದನ್ನು ಅಳಿಸಿಹಾಕುವ ಒಂದು ಪುಟ್ಟ ಭಾಗವಿರುತ್ತದೆ. ಆ ತರುಣ ಅದಕ್ಕೆ ರಟ್ಟಿನ ತುಂಡೊಂದನ್ನು ಅಡ್ಡ ಕೊಟ್ಟು, ಅಳಿಸುವ ಕ್ರಿಯೆಯನ್ನೇ ತಡೆದುಬಿಟ್ಟ. ಮೊದಲು ನುಡಿಸಿದುದರ ಮೇಲೆ ಎರಡನೆಯದು, ಅದರ ಮೇಲೆ ಮೂರನೆಯದು ಕುಳಿತುಕೊಳ್ಳತೊಡಗಿತು. ಹೀಗೆ ಸಿದ್ಧವಾದ ಮಾದರಿಯನ್ನು ಹಲವು ಸಂಸ್ಥೆಗಳು ನಿರಾಕರಿಸಿದವು. ಕೊನೆಗೆ ಒಪ್ಪಿದವರು, ಆಗತಾನೇ ಧ್ವನಿಮುದ್ರಣ ಸಂಸ್ಥೆಯೊಂದನ್ನು ತೆರೆಯಲು ಹೊರಟಿದ್ದ ರಿಚರ್ಡ್ ಬ್ರ್ಯಾನ್ಸನ್ ಮತ್ತು ಅವರ ಸಂಗಡಿಗರು. ಆಕ್ಸ್‌ಫರ್ಡ್‌ಶೈರಿನ ಹಳ್ಳಿಯೊಂದರಲ್ಲಿ ‘ದ ಮ್ಯಾನರ್’ ಎಂಬ ಹಳೆಯ ಬಂಗಲೆಯನ್ನು ಕೊಂಡು ಅವರು ಸ್ಟುಡಿಯೋ ಮಾಡಿದ್ದರು. 1972ರ ಕೊನೆಯಲ್ಲಿ ಅಲ್ಲಿ ಓಲ್ಡ್‌ಫೀಲ್ಡ್‌ಗೆ ಒಂದು ವಾರದ ಅವಕಾಶ ಸಿಕ್ಕಿತು. ಆ ವಾರದಲ್ಲಿ ಕೃತಿಯ ಮೊದಲ ಭಾಗ ಮುಗಿಯಿತು. ಎರಡನೆಯ ಭಾಗವನ್ನು 1973ರ ಆರಂಭದ ತಿಂಗಳುಗಳಲ್ಲಿ ಬೇರೆಯವರ ಮುದ್ರಣದ ನಡುವೆ ಸಿಕ್ಕ ಬಿಡುವಿನಲ್ಲಿ ಪೂರೈಸಿದರು. ಟಾಮ್ ನ್ಯೂಮನ್ ಮತ್ತು ಸೈಮನ್ ಹೇವರ್ತ್ ಜತೆಗಿದ್ದ ತಂತ್ರಜ್ಞರು.

ಕೃತಿಗೆ ‘ಟ್ಯೂಬ್ಯುಲರ್ ಬೆಲ್ಸ್’ ಎಂಬ ಹೆಸರು ಬಂದದ್ದೂ ಆಕಸ್ಮಿಕ. ಉದ್ದುದ್ದ ಲೋಹದ ಕೊಳವೆಗಳನ್ನು ಚೌಕಟ್ಟಿನಲ್ಲಿ ತೂಗುಹಾಕಿ, ಇಗರ್ಜಿಯ ಗಂಟೆಯ ನಾದ ಬರುವಂತೆ ಸುತ್ತಿಗೆಯಿಂದ ಬಡಿಯುವ ವಾದ್ಯವಿದು. ಜಾನ್ ಕೇಲ್ ಎಂಬ ಇನ್ನೊಬ್ಬ ಸಂಗೀತಗಾರರಿಗಾಗಿ ಬಾಡಿಗೆಗೆ ತಂದಿದ್ದ ವಾದ್ಯಗಳ ನಡುವೆ ಇದನ್ನು ಕಂಡ ಓಲ್ಡ್‌ಫೀಲ್ಡ್, ಇದೂ ಇಲ್ಲಿಯೇ ಇರಲಿ ಎಂದು ಉಳಿಸಿಕೊಂಡರು. ಮೊದಲ ಭಾಗದ ಕೊನೆಗೆ ವಿವಿಯನ್ ಸ್ಟ್ಯಾನ್‌ಶಾಲ್ ಎಂಬ ಹಾಸ್ಯಗಾರ ಸೂತ್ರಧಾರನಂತೆ ಒಂದೊಂದೇ ವಾದ್ಯದ ಹೆಸರನ್ನು ಘೋಷಿಸುತ್ತಾನೆ. ಪಿಯಾನೋ, ಮ್ಯಾಂಡೊಲಿನ್ ಮುಂತಾದವು ಒಂದರ ಹಿಂದೆ ಒಂದು ಬಂದು ಸೇರಿಕೊಳ್ಳುತ್ತವೆ. ಕಡೆಯದಾಗಿ ಈ ಗಂಟೆ ಮೊಳಗುತ್ತದೆ. ರಂಗಸ್ಥಳಕ್ಕೆ ವೇಷಗಳು ಒಂದೊಂದಾಗಿ ಪ್ರವೇಶಿಸುವುದನ್ನು ಬಾಲ್ಯದಿಂದ ಕಂಡ ನಮಗೆ ಈ ಕ್ರಮ ತೀರಾ ಅಪರಿಚಿತವೇನಲ್ಲ.

ಕೃತಿಯ ಆರಂಭದ ಪಿಯಾನೋ ಸ್ವರಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ರೀಮಿಕ್ಸಿನ ಕಷ್ಟವೆಲ್ಲ ಅಲ್ಲಿಯೇ ಇದೆ. ಪಾಶ್ಚಾತ್ಯ ಜನಪ್ರಿಯ ಸಂಗೀತ ಸಾಮಾನ್ಯವಾಗಿ ನಾಲ್ಕು, ಎಂಟು, ಹದಿನಾರರ ಎಣಿಕೆಯಲ್ಲಿ ನಡೆಯುತ್ತದೆ. ಈ ಪಿಯಾನೋ ಹದಿನೈದರ ಸುತ್ತಿನಲ್ಲಿ ತಿರುಗುತ್ತದೆ. ನಮ್ಮ ಮಕ್ಕಳು ಸಂಗೀತ ತರಗತಿಯಲ್ಲಿ ಕಲಿತ ಲೆಕ್ಕದಲ್ಲೇ ಹೇಳುವುದಾದರೆ, ಮಿಶ್ರಚಾಪಿನ ಏಳನ್ನು ಒಮ್ಮೆ ಹಾಕಿ, ಬೆನ್ನಿಗೇ ಆದಿತಾಳದ ಎಂಟನ್ನು ಹಾಕಿದಂತೆ. ಕೇಳುವವನ ಕಿವಿ ಹದಿನಾರನೆಯ ಸ್ವರಕ್ಕಾಗಿ ಕಾಯುತ್ತದೆ, ಅದು ಬರುವುದಿಲ್ಲ, ಸುತ್ತು ಆಗಲೇ ಮತ್ತೆ ಶುರುವಾಗಿರುತ್ತದೆ. ಒಂದು ಮೆಟ್ಟಿಲು ತಪ್ಪಿದಂತಹ ಈ ಅನುಭವವೇ ಆ ಸಂಗೀತಕ್ಕೆ ಒಂದು ಅಶಾಂತಿಯನ್ನು ತಂದಿದೆ. ವಿಲಿಯಂ ಫ್ರೀಡ್ಕಿನ್ ತಮ್ಮ ಭಯಾನಕ ಚಿತ್ರ ‘ದ ಎಕ್ಸಾರ್ಸಿಸ್ಟ್’ಗೆ ಇದೇ ತುಣುಕನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ.

ಮುದ್ರಿಕೆ 1973ರ ಮೇ 25ರಂದು ಪ್ರಕಟವಾಯಿತು. ವರ್ಜಿನ್ ಸಂಸ್ಥೆಯ ಮೊತ್ತಮೊದಲ ಪ್ರಕಟಣೆ ಅದೇ. ಓಲ್ಡ್‌ಫೀಲ್ಡ್‌ಗೆ ಆಗಷ್ಟೇ ಇಪ್ಪತ್ತು ತುಂಬಿತ್ತು. ಡಿಸೆಂಬರಿನಲ್ಲಿ ಚಿತ್ರ ತೆರೆಕಂಡ ಮೇಲೆ ಅಮೆರಿಕದಲ್ಲಿ ಬೇಡಿಕೆ ಏರಿತು. ಅಲ್ಲಿನ ವಿತರಕರು ನಲವತ್ತೊಂಬತ್ತು ನಿಮಿಷದ ಕೃತಿಯಿಂದ ಕೆಲವು ತುಣುಕುಗಳನ್ನು ಕತ್ತರಿಸಿ, ಚಿತ್ರದ ಹೆಸರನ್ನು ಅಂಟಿಸಿ, 1974ರಲ್ಲಿ ಒಂದು ಸಿಂಗಲ್ ಮಾಡಿ ಮಾರಿದರು. ಸಂಗೀತಗಾರನ ಒಪ್ಪಿಗೆಯನ್ನು ಕೇಳಲೇ ಇಲ್ಲ. ಅದು ಅಮೆರಿಕದ ಪಟ್ಟಿಯಲ್ಲಿ ಏಳನೆಯ ಸ್ಥಾನಕ್ಕೇರಿತು. ಅಂದರೆ ಕೃತಿ ಹುಟ್ಟಿ ಒಂದು ವರ್ಷ ತುಂಬುವ ಮೊದಲೇ ಅದರ ಮೊದಲ ಮರುರೂಪ ಬೇರೆಯವರ ಕತ್ತರಿಯಿಂದ ಹುಟ್ಟಿತ್ತು. ಬ್ರಿಟನ್ನಿನಲ್ಲಿ ಅದನ್ನೇ ಹೊರತರುವುದನ್ನು ಓಲ್ಡ್‌ಫೀಲ್ಡ್ ಒಪ್ಪಲಿಲ್ಲ. ಎರಡನೆಯ ಭಾಗದ ಒಂದು ರಾಗಭಾವವನ್ನು ಓಬೋ ವಾದ್ಯ ಮುಂದಿರುವಂತೆ ಹೊಸದಾಗಿ ನುಡಿಸಿ ‘ಮೈಕ್ ಓಲ್ಡ್‌ಫೀಲ್ಡ್ಸ್ ಸಿಂಗಲ್’ ಎಂದು ಬೇರೆಯೇ ಮುದ್ರಿಕೆ ಕೊಟ್ಟರು. ಈ ಎರಡು ಪುಟ್ಟ ತಟ್ಟೆಗಳ ನಡುವಿನ ಅಂತರದಲ್ಲಿ ಮುಂದಿನ ಕಥೆಯೆಲ್ಲ ಅಡಗಿದೆ.

ಇಲ್ಲಿ ಕಾನೂನಿನ ಒಂದು ಮಾತು. ಕೃತಿಯನ್ನು ಮಾರಿದ ಮೇಲೂ ಅದನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕು ಕರ್ತೃವಿಗೆ ಉಳಿಯುತ್ತದೆ ಎಂಬ ತತ್ತ್ವ ಬ್ರಿಟನ್ನಿನ ಶಾಸನದಲ್ಲಿ ಸ್ಪಷ್ಟವಾಗಿ ಬಂದದ್ದು 1988ರಲ್ಲಿ. ಭಾರತದ ಹಕ್ಕುಸ್ವಾಮ್ಯ ಅಧಿನಿಯಮ 1957ರಲ್ಲೇ, ತನ್ನ 57ನೇ ಕಲಮಿನಲ್ಲಿ, ಇದನ್ನು ‘ಕರ್ತೃವಿನ ವಿಶೇಷ ಹಕ್ಕು’ ಎಂದು ಮಾನ್ಯ ಮಾಡಿತ್ತು. ನಮ್ಮ ದೇಶದ ಕಾನೂನು ಎಲ್ಲದರಲ್ಲೂ ಹಿಂದೆ ಎಂದು ಭಾವಿಸುವವರು ಇದನ್ನು ಗಮನಿಸಬೇಕು. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಶಿಲ್ಪಿ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ಸರಕಾರವು 1979ರಲ್ಲಿ ಕಿತ್ತುಹಾಕಿದಾಗ ಅವರು ಇದೇ ಕಲಮನ್ನು ಹಿಡಿದು ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಅವಶೇಷಗಳನ್ನು ಹಿಂದಿರುಗಿಸಿ ಐದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ಸರಕಾರ ಹಣ ಕೊಟ್ಟು ಕೊಂಡ ವಸ್ತುವಾದರೂ ಅದರ ಮಾನ ಕಲಾವಿದನದೇ ಆಗಿ ಉಳಿದಿತ್ತು.

ಓಲ್ಡ್‌ಫೀಲ್ಡ್ ಅವರಿಗೆ ಅಂತಹ ಆಸರೆ ಇರಲಿಲ್ಲ; ಇದ್ದುದು ಎಳೆಯ ಪ್ರಾಯದಲ್ಲಿ ಸಹಿ ಹಾಕಿದ ಒಪ್ಪಂದ ಮಾತ್ರ. ಧ್ವನಿಸುರುಳಿ ವರ್ಜಿನ್ ಸಂಸ್ಥೆಯ ವಶದಲ್ಲಿತ್ತು. 1975ರಲ್ಲಿ ಈ ಕೃತಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಡೇವಿಡ್ ಬೆಡ್‌ಫರ್ಡ್ ಅದನ್ನು ಪೂರ್ಣ ವಾದ್ಯವೃಂದಕ್ಕೆ ಅಳವಡಿಸಿದ ಮುದ್ರಿಕೆಯೂ ಬಂತು. ‘ಹರ್ಜೆಸ್ಟ್ ರಿಡ್ಜ್’, ‘ಒಮ್ಮಡಾನ್’, ‘ಇನ್‌ಕ್ಯಾಂಟೇಶನ್ಸ್’ ಎಂಬ ದೀರ್ಘ ಕೃತಿಗಳು ಹಿಂಬಾಲಿಸಿದವು. 1983ರಲ್ಲಿ ಮ್ಯಾಗಿ ರೈಲಿ ಹಾಡಿದ ‘ಮೂನ್‌ಲೈಟ್ ಶ್ಯಾಡೋ’ ಯೂರೋಪಿನಾದ್ಯಂತ ಮನೆಮಾತಾಯಿತು. ಆದರೆ ಸಂಸ್ಥೆಯೊಡನೆ ಸಂಬಂಧ ಹದಗೆಡುತ್ತ ಹೋಯಿತು. 1990ರ ‘ಅಮರಾಕ್’ ಎಂಬ ಮುದ್ರಿಕೆ ಒಂದು ಗಂಟೆಯ ಒಂದೇ ಅಖಂಡ ರಚನೆ. ಅದರಿಂದ ಸಿಂಗಲ್ ಕತ್ತರಿಸುವುದಕ್ಕೆ ಎಲ್ಲಿಯೂ ಸಂಧಿ ಸಿಗಬಾರದು ಎಂಬ ಹಟದಿಂದಲೇ ಕಟ್ಟಿದಂತಿದೆ. ಅದರ ನಡುವೆ ಮೋರ್ಸ್ ಸಂಕೇತದಲ್ಲಿ ಬ್ರ್ಯಾನ್ಸನ್ ಅವರಿಗೆ ಒಂದು ಸಂದೇಶವನ್ನೂ ಅಡಗಿಸಿದ್ದರು. ಅದು ಮಕ್ಕಳು ಓದುವ ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ.

ವರ್ಜಿನ್ ಬಿಟ್ಟ ಮರುವರ್ಷ, 1992ರಲ್ಲಿ, ಬೇರೆ ಸಂಸ್ಥೆಗೆ ‘ಟ್ಯೂಬ್ಯುಲರ್ ಬೆಲ್ಸ್ 2’ ಮಾಡಿಕೊಟ್ಟು ಎಡಿನ್‌ಬರೊ ಕೋಟೆಯಲ್ಲಿ ಪ್ರದರ್ಶಿಸಿದರು. 1998ರಲ್ಲಿ ನೃತ್ಯಶಾಲೆಗಳ ತಾಳವನ್ನು ಬಳಸಿ ಮೂರನೆಯದು ಬಂತು. ಮೂಲಕೃತಿಯನ್ನೇ ಮತ್ತೆ ನುಡಿಸಿ ಮುದ್ರಿಸಲು ಹಳೆಯ ಒಪ್ಪಂದ ಇಪ್ಪತ್ತೈದು ವರ್ಷಗಳ ಕಾಲ ಅಡ್ಡವಾಗಿತ್ತು. ಆ ಅವಧಿ ಮುಗಿದ ಮೇಲೆ, 2003ರಲ್ಲಿ, ಮೊದಲಿನಿಂದ ಕೊನೆಯವರೆಗೆ ಇಡೀ ಕೃತಿಯನ್ನು ಹೊಸ ಯಂತ್ರಗಳಲ್ಲಿ ಮತ್ತೆ ನುಡಿಸಿದರು. ಅವಸರದಲ್ಲಿ ಮುದ್ರಿಸಿದ ಮೂಲದಲ್ಲಿ ಉಳಿದುಹೋದ ತಪ್ಪುಗಳು ಅವರನ್ನು ಮೂವತ್ತು ವರ್ಷ ಕಾಡಿದ್ದವು. ಸ್ಟ್ಯಾನ್‌ಶಾಲ್ ಅಷ್ಟರಲ್ಲಿ ತೀರಿಕೊಂಡಿದ್ದುದರಿಂದ ವಾದ್ಯಗಳ ಹೆಸರನ್ನು ಜಾನ್ ಕ್ಲೀಸ್ ಘೋಷಿಸಿದರು. ಎಲ್ಲ ಸರಿಯಾಗಿತ್ತು, ಆದರೂ ಹಳೆಯದರ ಜೀವ ಅದರಲ್ಲಿಲ್ಲ. ತಪ್ಪು ತಿದ್ದಿದ ಪ್ರತಿ ಯಾವಾಗಲೂ ಮೂಲಕ್ಕಿಂತ ಮೇಲಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕ ನಿದರ್ಶನ ಸಿಗಲಾರದು. 2007ರಲ್ಲಿ ಬ್ರಿಟನ್ನಿನ ಭಾನುವಾರದ ಪತ್ರಿಕೆಯೊಂದು ಮೂಲ ಮುದ್ರಿಕೆಯನ್ನು ಓದುಗರಿಗೆ ಉಚಿತವಾಗಿ ಹಂಚಿತು. ಹಕ್ಕು ಆಗ ಇ.ಎಂ.ಐ. ಸಂಸ್ಥೆಯದು, ತಮ್ಮನ್ನು ಕೇಳದೆ ಇದನ್ನು ಮಾಡಿದರೆಂದು ಓಲ್ಡ್‌ಫೀಲ್ಡ್ ಬಹಿರಂಗವಾಗಿಯೇ ಅಸಮಾಧಾನ ವ್ಯಕ್ತಪಡಿಸಿದರು.

ಮೂವತ್ತೈದು ವರ್ಷಗಳ ಒಪ್ಪಂದ ಮುಗಿದು ಹಕ್ಕು ಕೊನೆಗೂ ಅವರ ಕೈಗೆ ಮರಳಿತು. ಅವರು ಅದನ್ನು ತಮ್ಮ ಇಚ್ಛೆಯ ಬೇರೊಂದು ಸಂಸ್ಥೆಗೆ ವಹಿಸಿ, 2009ರಲ್ಲಿ ಮೂಲ ಸುರುಳಿಗಳಿಂದ ತಾವೇ ಹೊಸ ಮಿಶ್ರಣ ಮಾಡಿ ಹೊರತಂದರು. 2012ರ ಜುಲೈ 27ರಂದು ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯ ರಾತ್ರಿ, ಆಸ್ಪತ್ರೆಯ ದಾದಿಯರೂ ಮಕ್ಕಳೂ ಮಂಚಗಳ ಮೇಲೆ ಕುಣಿದ ಆ ದೃಶ್ಯಕ್ಕೆ ಗಿಟಾರ್ ಹಿಡಿದು ನುಡಿಸಿದವರೂ ಅವರೇ. ಟಿ.ವಿ.ಯಲ್ಲಿ ಅದನ್ನು ಕಂಡ ನೆನಪು ಓದುಗರಲ್ಲಿ ಹಲವರಿಗೆ ಇದ್ದೀತು. ಮುಂದಿನ ವರ್ಷವೇ ‘ಟ್ಯೂಬ್ಯುಲರ್ ಬೀಟ್ಸ್’.

ಈಗ ರೀಮಿಕ್ಸ್ ಎಂದರೇನು ಎಂಬುದನ್ನು ಮಕ್ಕಳಿಗಾಗಿ ಬಿಡಿಸಿ ಹೇಳುವೆ. ಸ್ಟುಡಿಯೋದಲ್ಲಿ ಪ್ರತಿ ವಾದ್ಯವೂ ಪ್ರತಿ ಕಂಠವೂ ಬೇರೆಬೇರೆ ಪಥದಲ್ಲಿ ಮುದ್ರಿತವಾಗುತ್ತದೆ. ‘ಟ್ಯೂಬ್ಯುಲರ್ ಬೆಲ್ಸ್’ನ ಕಾಲಕ್ಕೆ ಅಂತಹ ಹದಿನಾರು ಪಥಗಳ ಯಂತ್ರವೇ ದೊಡ್ಡದು. ಯಾವುದು ಎಷ್ಟು ಕೇಳಬೇಕು ಎಂದು ನಿರ್ಧರಿಸಿ ಎಲ್ಲವನ್ನೂ ಎರಡು ಪಥಕ್ಕೆ ಇಳಿಸುವುದೇ ಮಿಶ್ರಣ. ಬಿಡಿ ಪಥಗಳು ಕೈಯಲ್ಲಿದ್ದರೆ ಮತ್ತೊಮ್ಮೆ ಬೇರೆ ಪ್ರಮಾಣದಲ್ಲಿ ಬೆರಸಬಹುದು. ಕೆಲವನ್ನು ತೆಗೆದುಹಾಕಿ, ಹೊಸದನ್ನು ಸೇರಿಸಬಹುದು. ಜಮೈಕಾದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಕಿಂಗ್ ಟಬ್ಬಿ ಹಾಡಿನಿಂದ ಕಂಠವನ್ನು ತೆಗೆದು, ಡೋಲು ಮತ್ತು ಬಾಸನ್ನು ಮುಂದೆ ತಂದು ಈ ವಿದ್ಯೆಗೆ ಒಂದು ಕಲೆಯ ಸ್ಥಾನ ಕೊಟ್ಟರು. ನ್ಯೂಯಾರ್ಕಿನ ಟಾಮ್ ಮೌಲ್ಟನ್ 1970ರ ದಶಕದಲ್ಲಿ ನೃತ್ಯಶಾಲೆಗಳಿಗಾಗಿ ಹಾಡುಗಳನ್ನು ಹಿಗ್ಗಿಸಿದರು. ಬಿಡಿ ಪಥಗಳು ಇಲ್ಲದವನು ಇದನ್ನು ಮಾಡಹೊರಟರೆ, ಮುದ್ರಿತ ಹಾಡಿನ ಮೇಲೆ ಡಬ್ಬ ಬಡಿದಂತಾಗುತ್ತದೆ. ನಮ್ಮ ಮೆರವಣಿಗೆಗಳ ಡಿ.ಜೆ. ಗಾಡಿಗಳಿಂದ ಬರುವ ಬಹುಪಾಲು ಸದ್ದು ಇಂಥದ್ದೇ.

ಓಲ್ಡ್‌ಫೀಲ್ಡ್ ಮತ್ತು ಸ್ಟೆಂಜೆಲ್ ಅವರ ಮುದ್ರಿಕೆಯನ್ನು ಕೇಳಿದರೆ ಎಲ್ಲ ಕೃತಿಗಳೂ ಹೊಸ ತಾಳಕ್ಕೆ ಒಂದೇ ರೀತಿ ಒಗ್ಗಿಲ್ಲ ಎಂಬುದು ತಿಳಿಯುತ್ತದೆ. ‘ಗಿಲ್ಟಿ’ 1979ರಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿತವಾದದ್ದು, ಹುಟ್ಟಿನಲ್ಲೇ ಡಿಸ್ಕೋ. ಅದಕ್ಕೆ ಹೊಸ ತಾಳ ಅಂಗಿ ಬದಲಿಸಿದಷ್ಟೇ ಸಲೀಸು. ‘ಒಮ್ಮಡಾನ್’ನ ಮೂಲದಲ್ಲಿ ಜಬುಲಾ ಎಂಬ ತಂಡದ ಆಫ್ರಿಕದ ಡೋಲುಗಳೇ ಮೊದಲ ಭಾಗವನ್ನು ಶಿಖರಕ್ಕೇರಿಸುತ್ತವೆ, ಆದ್ದರಿಂದ ಅಲ್ಲಿಯೂ ಕುಣಿತ ಹೊರಗಿನಿಂದ ತಂದದ್ದು ಎನಿಸುವುದಿಲ್ಲ. ‘ನಾರ್ತ್ ಸ್ಟಾರ್’ ಇನ್ನೂ ಸ್ವಾರಸ್ಯಕರ: ಅದು ಅಮೆರಿಕದ ಫಿಲಿಪ್ ಗ್ಲಾಸ್ ಅವರ ರಚನೆ, ಓಲ್ಡ್‌ಫೀಲ್ಡ್ 1979ರಲ್ಲಿ ಅದನ್ನು ತಮ್ಮದಾಗಿಸಿಕೊಂಡಿದ್ದರು. ಮರುರೂಪದ ಮರುರೂಪಕ್ಕೆ ಯಾವುದನ್ನು ಮೂಲ ಎನ್ನೋಣ? ಕಷ್ಟವಾಗುವುದು ಆ ಹದಿನೈದರ ಪಿಯಾನೋ ವಿಷಯದಲ್ಲಿ. ನೃತ್ಯದ ತಾಳ ನಿಮಿಷಕ್ಕೆ ನೂರಿಪ್ಪತ್ತಕ್ಕೂ ಮಿಕ್ಕಿದ ಸಮಬಡಿತಗಳಲ್ಲಿ, ನಾಲ್ಕು ನಾಲ್ಕಾಗಿ ಸಾಗುತ್ತದೆ. ಹದಿನೈದನ್ನು ಅದರ ಮೇಲೆ ಇಟ್ಟರೆ ಒಂದೊಂದು ಸುತ್ತಿಗೂ ಒಂದೊಂದು ಹೆಜ್ಜೆ ಜಾರುತ್ತದೆ. ಒಂದು ಸ್ವರ ಸೇರಿಸಿ ಹದಿನಾರು ಮಾಡಿದರೆ ಕುಣಿಯಲು ಅಡ್ಡಿಯಿಲ್ಲ, ಆದರೆ ಮೆಟ್ಟಿಲು ತಪ್ಪುವ ಆ ಮೂಲ ಅನುಭವವೇ ಇಲ್ಲವಾಗುತ್ತದೆ. ನನ್ನ ಕಿವಿಗೆ ಈ ಮುದ್ರಿಕೆ ಒಂದು ಮಧ್ಯಮ ದರ್ಜೆಯ ಕೆಲಸ. ಇಂಪಾಗಿದೆ, ಅಚ್ಚುಕಟ್ಟಾಗಿದೆ, ಮೂಲದ ಆತಂಕವನ್ನು ಉಜ್ಜಿ ನಯ ಮಾಡಿದೆ.

ಹೀಗಿದ್ದೂ ಇದನ್ನು ‘ಕೆಡಿಸಿದರು’ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. 1974ರ ಅಮೆರಿಕದ ಸಿಂಗಲ್‌ಗೂ ಇದಕ್ಕೂ ಇರುವ ವ್ಯತ್ಯಾಸ ಕತ್ತರಿ ಹಿಡಿದ ಕೈಯದು. ಸುರುಳಿಯ ಮೇಲೆ ಸುರುಳಿ ಹಚ್ಚಿ, ವೇಗ ಬದಲಿಸಿ ಗಿಟಾರನ್ನು ಇಮ್ಮಡಿ ಓಟದಲ್ಲಿ ಕೇಳಿಸಿ, ಅಳಿಸುವ ಯಂತ್ರಕ್ಕೆ ರಟ್ಟು ತುರುಕಿ ಕೃತಿ ಕಟ್ಟಿದ ಹುಡುಗ ಅರುವತ್ತರ ಹೊಸ್ತಿಲಲ್ಲಿ ತನ್ನದೇ ಪಥಗಳನ್ನು ಮತ್ತೆ ಬಿಚ್ಚಿ ಆಡಿಕೊಂಡ. ಆಟ ಸೊಗಸಾಯಿತೇ ಇಲ್ಲವೇ ಎಂಬುದು ಬೇರೆ ಮಾತು. ಪಾರ್ತಿಸುಬ್ಬನ ಪದ್ಯವನ್ನು ಎಲ್ಲ ಭಾಗವತರೂ ಒಂದೇ ರೀತಿ ಹಾಡಬೇಕೆಂದು ನಮ್ಮ ಕುಂಬಳೆ ಸೀಮೆಯಲ್ಲಿ ಯಾರೂ ಹೇಳುವುದಿಲ್ಲ. ಪದ್ಯದ ಮರ್ಯಾದೆ ಕೆಡದಿರಲಿ ಎಂದಷ್ಟೇ ಕೇಳುತ್ತೇವೆ.

ಇದೆಲ್ಲ ನಮ್ಮ ಮನೆಯಂಗಳಕ್ಕೆ ಹೇಗೆ ಬರುತ್ತದೆ ಎಂಬುದನ್ನೂ ಹೇಳಬೇಕು. ಕೆಲವು ಕಾಲದ ಹಿಂದೆ ಮಹಿಳೆಯೊಬ್ಬರು ಅಚ್ಚು ಹಾಕಿದ ಕಾಗದವೊಂದನ್ನು ಹಿಡಿದು ನನ್ನ ಕಚೇರಿಗೆ ಬಂದಿದ್ದರು. ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿಯಲ್ಲಿರುವ ಮಗಳು ಭಕ್ತಿಗೀತೆಗಳನ್ನು ಹಾಡುತ್ತಾಳೆ. ಧ್ವನಿಮುದ್ರಣ ಮಾಡುವವರೊಬ್ಬರು ಹೆತ್ತವರ ಸಹಿ ಕೇಳಿದ್ದರು. “ಇದರಲ್ಲಿ ಏನುಂಟು ಎಂದು ಒಮ್ಮೆ ನೋಡಿ ಹೇಳಿ ವಕೀಲರೇ, ಇಂಗ್ಲಿಷಿನಲ್ಲಿದೆ” ಎಂದರು. ಮಗುವಿನ ಧ್ವನಿಯನ್ನು ಈಗ ಇರುವ ಹಾಗೂ ಮುಂದೆ ಬರಲಿರುವ ಎಲ್ಲ ಮಾಧ್ಯಮಗಳಲ್ಲಿ, ಎಲ್ಲ ದೇಶಗಳಲ್ಲಿ, ಯಾವ ಬದಲಾವಣೆಯೊಡನೆಯಾದರೂ ಶಾಶ್ವತವಾಗಿ ಬಳಸುವ ಅಧಿಕಾರ ಅದರಲ್ಲಿತ್ತು. ಪ್ರತಿಫಲದ ಜಾಗ ಖಾಲಿ ಇತ್ತು. “ಅವಳ ಹೆಸರು ಹಾಕುತ್ತಾರಂತೆ” ಎಂದು ತಾಯಿ ಸಂತೋಷದಿಂದ ಹೇಳಿದರು.

ಓದುಗರಲ್ಲಿ ಇಂತಹ ಕಾಗದ ಬಂದವರು ಇರಬಹುದು. ಆದ್ದರಿಂದ ಕಾನೂನನ್ನು ಸರಳವಾಗಿ ಬರೆಯುತ್ತೇನೆ. ಧ್ವನಿಮುದ್ರಣದ ಮಟ್ಟಿಗೆ ಕರ್ತೃವೆಂದರೆ ನಿರ್ಮಾಪಕ, ಹಾಡಿದವರಲ್ಲ. ಆದರೆ ಹಾಡಿದವರಿಗೆ ಪ್ರದರ್ಶಕರ ಹಕ್ಕು ಎಂಬುದು 38ನೇ ಕಲಮಿನಿಂದ ಬೇರೆಯಾಗಿಯೇ ಇದೆ. 2012ರ ತಿದ್ದುಪಡಿಯ ನಂತರ, ತಮ್ಮ ಹೆಸರನ್ನು ಕಾಣಿಸಬೇಕೆಂದು ಕೇಳುವ ಮತ್ತು ಕೀರ್ತಿಗೆ ಕುಂದು ತರುವಂತೆ ವಿರೂಪಗೊಳಿಸುವುದನ್ನು ತಡೆಯುವ ಅಧಿಕಾರವೂ ಅವರಿಗಿದೆ. ಹೆಸರು ಹಾಕುವುದು ಆ ಮನುಷ್ಯನ ಔದಾರ್ಯವಾಗಿರಲಿಲ್ಲ ಎಂದು ಆ ತಾಯಿಗೆ ತಿಳಿಸಿದೆ. ಕೃತಿಯ ಹಕ್ಕನ್ನು ಬರೆದುಕೊಡುವಾಗ ಅವಧಿ ಕಾಣಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ಕಾಣಿಸದಿದ್ದರೆ ಭಾರತವೆಂದೂ 19ನೇ ಕಲಂ ಭಾವಿಸುತ್ತದೆ. ಸಹಿ ಮಾಡುವ ದಿನ ಬಳಕೆಯಲ್ಲಿಲ್ಲದ ಮಾಧ್ಯಮಕ್ಕೆ, ಅದನ್ನು ನಿರ್ದಿಷ್ಟವಾಗಿ ಹೆಸರಿಸದ ಹೊರತು, ಹಸ್ತಾಂತರ ಅನ್ವಯಿಸದು ಎಂದು 18ನೇ ಕಲಂ ಹೇಳುತ್ತದೆ. ಹದಿನೆಂಟು ತುಂಬದ ಮಗು ತಾನೇ ಒಪ್ಪಂದ ಮಾಡಿಕೊಳ್ಳಲಾರದು. ಆದ್ದರಿಂದಲೇ ಹೆತ್ತವರ ಸಹಿಗೆ ಅಷ್ಟು ಬೆಲೆ. ಆ ತಾಯಿ ಕಾಗದವನ್ನು ಸಹಿ ಹಾಕದೆ ಮನೆಗೆ ಒಯ್ದರು. ಅವಧಿಯನ್ನು ಮೂರು ವರ್ಷಕ್ಕೆ ಇಳಿಸಿ, ಒಂದು ಮೊತ್ತ ಬರೆದು, ಕನ್ನಡದಲ್ಲಿ ಮತ್ತೆ ಸಿದ್ಧಪಡಿಸಿದ ಪ್ರತಿಗೆ ತಿಂಗಳ ನಂತರ ಸಹಿ ಬಿತ್ತು.

ಹಳೆಯ ಹಾಡನ್ನು ಬೇರೆಯವರು ಹೊಸದಾಗಿ ಹಾಡಿ ಮುದ್ರಿಸಲು ನಮ್ಮ ಕಾನೂನಿನಲ್ಲಿ 31ಸಿ ಎಂಬ ದಾರಿಯಿದೆ. ಮೊದಲ ಮುದ್ರಣವಾದ ವರ್ಷ ಕಳೆದು ಐದು ವರ್ಷವಾಗಿರಬೇಕು, ಮುಂಚಿತವಾಗಿ ತಿಳುವಳಿಕೆ ಕೊಟ್ಟು ರಾಯಧನ ಸಲ್ಲಿಸಬೇಕು, ಇದು ಮರುಗಾಯನ ಎಂದು ಹೊದಿಕೆಯ ಮೇಲೆ ಕಾಣಿಸಬೇಕು, ಮುದ್ರಣಕ್ಕೆ ತಾಂತ್ರಿಕವಾಗಿ ಅಗತ್ಯವಿಲ್ಲದ ಬದಲಾವಣೆಯನ್ನು ಮಾಡಕೂಡದು. ರಾಯಧನವನ್ನು ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ಕಟ್ಟಬೇಕೆಂಬ ನಿಯಮವಿದ್ದರೂ, ಕಡಿಮೆ ಪ್ರಸಾರದ ಭಾಷೆ ಅಥವಾ ಉಪಭಾಷೆಗೆ ಈ ಸಂಖ್ಯೆಯನ್ನು ತಗ್ಗಿಸಲು ಶಾಸನವೇ ಅವಕಾಶ ಇಟ್ಟಿದೆ. ತುಳು, ಕೊಂಕಣಿ, ಹವ್ಯಕ ಹಾಡುಗಳನ್ನು ಮುದ್ರಿಸುವ ನಮ್ಮ ಗಡಿನಾಡಿನ ತಂಡಗಳು ಈ ಸಾಲನ್ನು ಓದಿದಂತೆ ಕಾಣೆ. ಆದರೆ ಮೂಲ ಗಾಯಕನ ಧ್ವನಿಯನ್ನೇ ಎತ್ತಿಕೊಂಡು ಮಾಡುವ ರೀಮಿಕ್ಸ್‌ಗೆ ಈ ದಾರಿ ಇಲ್ಲ. ಅದಕ್ಕೆ ಧ್ವನಿಮುದ್ರಣದ ಒಡೆಯನ ಅನುಮತಿ ಬೇಕೇ ಬೇಕು.

ಶಾಲೆಯ ವಾರ್ಷಿಕೋತ್ಸವದ ಬಗ್ಗೆ ಅಧ್ಯಾಪಕರು ಆಗಾಗ ಕೇಳುತ್ತಾರೆ. ಶಾಲೆಯ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರು, ಹೆತ್ತವರು, ಪೋಷಕರು ಸೇರಿದ ಸಭೆಯಲ್ಲಿ ಹಾಡು ನುಡಿಸುವುದಕ್ಕೂ ಹಾಡುವುದಕ್ಕೂ 52ನೇ ಕಲಂ ವಿನಾಯಿತಿ ಕೊಟ್ಟಿದೆ, ಯಾರೂ ಹೆದರಬೇಕಿಲ್ಲ. ಅದನ್ನೇ ಮೊಬೈಲಿನಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸಿದಾಗ ವಿನಾಯಿತಿಯ ಕೊಡೆ ಮುಚ್ಚುತ್ತದೆ. ಮಕ್ಕಳೇ ಹಾಡಿ, ಮಕ್ಕಳೇ ಚೆಂಡೆ ಹಾರ್ಮೋನಿಯಂ ನುಡಿಸಿದ ಊರಿನ ಪದವಾದರೆ ಈ ತೊಡಕಿಲ್ಲ.

ಓಲ್ಡ್‌ಫೀಲ್ಡ್ ಅವರ ಬಗ್ಗೆ ಇನ್ನೊಂದು ವಿಷಯ ಉಳಿದಿದೆ. ಬಹಾಮಾಸ್ ದ್ವೀಪದಲ್ಲಿ ನೆಲೆಸಿದ ಅವರು ರೀಮಿಕ್ಸ್ ಮುದ್ರಿಕೆಯ ನಾಲ್ಕು ವರ್ಷಗಳ ನಂತರ, 2017ರ ಜನವರಿಯಲ್ಲಿ, ‘ರಿಟರ್ನ್ ಟು ಒಮ್ಮಡಾನ್’ ಎಂಬ ಕೃತಿಯನ್ನು ಪ್ರಕಟಿಸಿದರು. ಹಳೆಯ ಪದ್ಧತಿಯಂತೆ ಎರಡೇ ಭಾಗ, ಒಂದೊಂದು ಸುಮಾರು ಇಪ್ಪತ್ತೊಂದು ನಿಮಿಷ. ಎಲ್ಲ ವಾದ್ಯಗಳನ್ನೂ ನುಡಿಸಿದವರು ಅವರೊಬ್ಬರೇ. ಡಿಸ್ಕೋ ತಾಳದ ಸುಳಿವೂ ಇಲ್ಲ. ಎರಡನೆಯ ಭಾಗದಲ್ಲಿ, 1975ರ ಮುದ್ರಿಕೆಯಲ್ಲಿ ಹಾಡಿದ್ದ ಮಕ್ಕಳ ದನಿಗಳನ್ನು ಹಳೆಯ ಧ್ವನಿಸುರುಳಿಯಿಂದ ತೆಗೆದು, ಚೂರುಚೂರು ಮಾಡಿ ಹೊಸದಾಗಿ ಹೆಣೆದಿದ್ದಾರೆ.